ಆಣೆಗೆ ಆರು ಪೈಸೆ

ಅಜ್ಜಿಯ ಅಜ್ಜಿಗೂ ಮೊದಲು ರೂಪಾಯಿ ಎಂಬ ಒಬ್ಬಳು ಬೆಳ್ಳಿಮೈಯ ತಾಯಿ ಇದ್ದಳಂತೆ. ಅವಳಿಗೆ ಹದಿನಾರು ಮಕ್ಕಳು. ಎಲ್ಲರಿಗೂ ಒಂದೇ ಹೆಸರು, ಆಣೆ. ಬಹಳ ಕಾಲ ಸುಖವಾಗಿದ್ದರು. ಒಂದು ಏಪ್ರಿಲ್ ತಿಂಗಳಲ್ಲಿ ದಿಲ್ಲಿಯಿಂದ ಡಂಗುರ ಬಂತು: ಇನ್ನು ಮೇಲೆ ಈ ತಾಯಿಗೆ ಹದಿನಾರಲ್ಲ, ನೂರು ಮಕ್ಕಳು. ಬಂದವು ನೋಡಿ, ಮಿಂಚುಹುಳದ ಹಾಗೆ ಹೊಳೆಯುವ ಪುಟ್ಟ ಪುಟ್ಟ ತಾಮ್ರದ ಮಕ್ಕಳು. ಹೆಸರು ನಯಾ ಪೈಸೆ. ಹಳೆಯ ಮಕ್ಕಳೂ ಹೊಸ ಮಕ್ಕಳೂ ಒಂದೇ ಮನೆಯಲ್ಲಿ ಇರಬೇಕಾಯಿತು. ಸಂಜೆಗೆ ತಾಯಿ ಬಾಗಿಲಲ್ಲಿ ನಿಂತು ಎಣಿಸಿದಳು. ನಾಲ್ಕು ಮಕ್ಕಳು ಕಡಿಮೆ. ಮರುದಿನ ಎಣಿಸಿದಳು. ಮತ್ತೆ ನಾಲ್ಕು ಕಡಿಮೆ. ಊರಿಡೀ ಹುಡುಕಿದರೂ ಸಿಗಲಿಲ್ಲ.

ಆ ನಾಲ್ವರು ಎಲ್ಲಿ ಮರೆಯಾಗುತ್ತಿದ್ದಾರೆ ಎಂದು ಕಂಡುಹಿಡಿದವಳು ರಾಣಿಯಲ್ಲ, ಮಂತ್ರಿಯಲ್ಲ. ಮಂಗಳೂರಿನ ಹೊಳೆಬದಿಯ ಒಂದು ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದ ದೇಯಿ.

ದೇಯಿಯ ಮನೆ ಬೋಳೂರಿನಲ್ಲಿ. ಗಂಡ ಪೂವಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಒಬ್ಬಳೇ ಮಗಳು ಬಾಗಿ, ಏಳನೆಯ ತರಗತಿ. ದೇಯಿಗೆ ಅಕ್ಷರ ಬಾರದು, ಅಂಕೆ ಬರುತ್ತಿತ್ತು. ಹಂಚು ಎಣಿಸಿ ಎಣಿಸಿ ಬಂದ ವಿದ್ಯೆ ಅದು.

ಶನಿವಾರ ಸಂಜೆ ಕಾರ್ಖಾನೆಯಲ್ಲಿ ಬಟವಾಡೆ. ಆಫೀಸಿನ ಕಿಟಕಿಯ ಮುಂದೆ ಸಾಲು ನಿಂತು, ನಂಬರು ಕೂಗಿದಾಗ ಹೆಬ್ಬೆಟ್ಟು ಒತ್ತಿ, ವಾರದ ಸಂಬಳ ತೆಗೆದುಕೊಳ್ಳುವುದು. ಹಣದ ಜೊತೆ ಒಂದು ಚೀಟಿಯನ್ನೂ ಕೊಡುತ್ತಿದ್ದರು. ಹಣ ಸೆರಗಿನ ಗಂಟಿಗೆ ಹೋಗುತ್ತಿತ್ತು. ಚೀಟಿಯಲ್ಲಿ ಹೆಂಗಸರು ಹೊಗೆಸೊಪ್ಪು ಸುತ್ತಿಡುತ್ತಿದ್ದರು. ಅಳತೆಗೆ ಸರಿಯಾದ ಕಾಗದ, ಗಟ್ಟಿ ಬೇರೆ.

೧೯೫೮ರ ನವೆಂಬರಿನ ಒಂದು ಶನಿವಾರ ದೇಯಿ ಮನೆಗೆ ಬಂದಾಗ ಪೂವಪ್ಪ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದ.

"ಎಷ್ಟು ಸಿಕ್ಕಿತು?"

"ಎಂಟು ಚಿಲ್ಲರೆ."

"ಚಿಲ್ಲರೆ ಎಂದರೆ ಎಂತ?"

"ಹತ್ತು ಪೈಸೆಯದ್ದು ಒಂದು ಬಿಲ್ಲೆ."

"ಮೊದಲು ಎಂಟೂವರೆಯ ಹತ್ತಿರ ತರ್ತಿದ್ದೆ. ಈಗ ಎಂಟಕ್ಕೆ ಬಂದು ನಿಂತಿತು. ಹೀಗೇ ಇಳಿದರೆ ಬರುವ ಅಷ್ಟಮಿಗೆ ನೀನೇ ಅವರಿಗೆ ದುಡ್ಡು ಕೊಟ್ಟು ಹಂಚು ಹೊರ್ಬೇಕು."

"ಫಂಡ್ ಅಂತ ಏನೋ ಹಿಡೀತಾರೆ ಇವರೇ."

"ಎಂತ ಫಂಡ್?"

"ನನಗೆ ಗೊತ್ತಿಲ್ಲ. ಎಲ್ಲರಿಗೂ ಹಿಡೀತಾರೆ."

"ಎಲ್ಲರ ಜೇಬು ಕತ್ತರಿಸಿದರೆ ಅದು ಧರ್ಮವಾ?" ಪೂವಪ್ಪ ಕಾಲು ಮಡಚಿ ನೆಟ್ಟಗೆ ಕುಳಿತ. "ನೋಡು, ಕಾವೂರಿನಿಂದ ಒಬ್ಬ ಬೀಡಿ ಏಜೆಂಟ ಬರ್ತಾನೆ. ಸಾವಿರ ಬೀಡಿಗೆ ಒಂದೂಮುಕ್ಕಾಲು ರೂಪಾಯಿ. ಫಂಡ್ ಇಲ್ಲ, ಗಿಂಡ್ ಇಲ್ಲ. ನೀನೂ ಬಾಗಿಯೂ ಕೂತರೆ ದಿನಕ್ಕೆ ಸಾವಿರ ಕಟ್ಟಬಹುದು. ವಾರಕ್ಕೆ ಹತ್ತೂವರೆ ರೂಪಾಯಿ. ಎಂಟು ಎಲ್ಲಿ, ಹತ್ತೂವರೆ ಎಲ್ಲಿ?"

ಒಳಗೆ ಗಟ್ಟಿಯಾಗಿ ಪಾಠ ಓದುತ್ತಿದ್ದ ಬಾಗಿಯ ಸ್ವರ ನಿಂತುಹೋಯಿತು.

"ಬಾಗಿಗೆ ಶಾಲೆ ಉಂಟಲ್ಲ," ಎಂದಳು ದೇಯಿ.

"ಏಳು ಆಯ್ತಲ್ಲ. ನನಗಿಂತ ಏಳು ಹೆಚ್ಚು ಕಲಿತಳು. ಮುಂದಿನ ಶನಿವಾರದ ಬಟವಾಡೆ ತಗೊಂಡು ಬಾ, ಆಮೇಲೆ ಹೋಗುವುದು ಬೇಡ. ಸೋಮವಾರ ಏಜೆಂಟ ಎಲೆ ತಂದು ಹಾಕ್ತಾನೆ. ನಾನು ಮಾತು ಕೊಟ್ಟಾಗಿದೆ."

ಪೂವಪ್ಪ ಕೆಟ್ಟವನಲ್ಲ. ಕುಡಿಯುವವನಲ್ಲ, ಹೊಡೆಯುವವನಲ್ಲ. ಕೈಗೆ ಬಂದದ್ದು ಮಾತ್ರ ದುಡ್ಡು, ಕಾಗದದಲ್ಲಿ ಇದ್ದದ್ದೆಲ್ಲ ಮೋಸ ಎಂದು ನಂಬಿದವನು. ಅಂಥವರು ನಮ್ಮ ನಿಮ್ಮ ಮನೆಯಲ್ಲಿಯೂ ಇದ್ದಾರೆ.

ಮರುದಿನ ಬೆಳಿಗ್ಗೆ ದೇಯಿ ಉಪ್ಪು, ಮೆಣಸು ತರಲು ಹಸನಬ್ಬನ ಅಂಗಡಿಗೆ ಹೋದಳು. ಪಕ್ಕದ ಮನೆಯವರು ಅವರು, ಬ್ಯಾರಿ ಮುಸಲ್ಮಾನರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೂವಿನ ಚೀಟಿ ಬಟ್ಟೆಯ ಪರದೆ. ಪರದೆಯ ಆಚೆ ಹಸನಬ್ಬನ ಮಗಳು ಸುಹರಾ ಕುಳಿತು ಹಳೆಯ ಪೇಪರಿನಲ್ಲಿ ಪೊಟ್ಟಣ ಮಾಡುತ್ತಿದ್ದಳು. ಓದದೆ ಒಂದು ಹಾಳೆಯನ್ನೂ ಮಡಚುತ್ತಿರಲಿಲ್ಲ. ಹಾಗಾಗಿ ಊರಿನ ಸುದ್ದಿಯೆಲ್ಲ ಅವಳಿಗೆ ಒಂದು ತಿಂಗಳು ತಡವಾಗಿ, ಆದರೆ ಪೂರ್ತಿಯಾಗಿ ಗೊತ್ತಾಗುತ್ತಿತ್ತು. ಅಂಗಡಿಯ ಲೆಕ್ಕ ಬರೆಯುವವಳೂ ಅವಳೇ.

ಅಂಗಡಿಯ ಮುಂದೆ ಮುದುಕಿ ಅಕ್ಕು ನಿಂತು ಒಂದಾಣೆಯ ಹೊಗೆಸೊಪ್ಪು ಕೇಳುತ್ತಿದ್ದಳು. ಹಸನಬ್ಬನ ಮುಖ ಹುಳಿಯಾಗಿತ್ತು.

"ಬೆಳಿಗ್ಗೆಯಿಂದ ಇದು ಮೂರನೇ ಸಲ, ಅಕ್ಕು. ನಾಲ್ಕಾಣೆಯದ್ದು ಒಟ್ಟಿಗೇ ತಗೊಂಡು ಹೋಗಬಾರದಾ?"

"ನನಗೆ ನಡೆದರೆ ಕಾಲಿಗೆ ಒಳ್ಳೆಯದು ಬ್ಯಾರಿಗಳೇ," ಎಂದು ಅಕ್ಕು ಆರು ಪೈಸೆ ಎಣಿಸಿ ಇಟ್ಟು ಹೋದಳು.

ಪರದೆಯ ಹಿಂದೆ ಸುಹರಾ ನಗುತ್ತಿದ್ದಳು. ದೇಯಿ ಒಳಗೆ ಇಣುಕಿದಳು.

"ಎಂತ ನಗುವುದು?"

"ಬನ್ನಿ ದೇಯಿಯಕ್ಕ, ಕೂತ್ಕೊಳ್ಳಿ. ಆ ಮುದುಕಿ ನಮ್ಮ ಬಾಪನನ್ನು ಆಟ ಆಡಿಸ್ತಾ ಇದ್ದಾಳೆ. ನಾಲ್ಕಾಣೆಯ ಹೊಗೆಸೊಪ್ಪು ಒಟ್ಟಿಗೆ ತಗೊಂಡರೆ ಪಾವಲಿ, ಇಪ್ಪತ್ತೈದು ಪೈಸೆ ಕೊಡಬೇಕು. ಒಂದೊಂದಾಣೆಯದ್ದು ನಾಲ್ಕು ಸಲ ತಗೊಂಡರೆ ಆರು, ಆರು, ಆರು, ಆರು. ಇಪ್ಪತ್ತನಾಲ್ಕು. ಒಂದು ಪೈಸೆ ಉಳೀತು."

"ಅದು ಹೇಗೆ ಉಳಿಯುವುದು?"

"ಒಂದಾಣೆ ಎಂದರೆ ಸರಿಯಾಗಿ ಆರು ಪೈಸೆ ಅಲ್ಲ. ಆರೂಕಾಲು. ಕಾಲು ಪೈಸೆಯ ಬಿಲ್ಲೆ ಇಲ್ಲವಲ್ಲ, ಅದಕ್ಕೆ ಒಂದಾಣೆಗೆ ಆರು ಎಂದು ಸರ್ಕಾರದ ಪಟ್ಟಿ. ಬಿಡಿಬಿಡಿಯಾಗಿ ಮುರಿಸಿದರೆ ಪ್ರತಿ ಸಲ ಕಾಲು ಪೈಸೆ ಜಾರಿ ಹೋಗ್ತದೆ." ಸುಹರಾ ಅಂಗಡಿಯ ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ತೋರಿಸಿದಳು. "ನಿಮ್ಮ ಮುಖ ಯಾಕೆ ಬಾಡಿದೆ ಇವತ್ತು?"

ದೇಯಿ ಎಲ್ಲವನ್ನೂ ಹೇಳಿದಳು. ಎಂಟು ರೂಪಾಯಿ, ಫಂಡ್, ಬೀಡಿ, ಬಾಗಿಯ ಶಾಲೆ. ಹೇಳುತ್ತ ಹೇಳುತ್ತ ಸೊಂಟದಿಂದ ಹೊಗೆಸೊಪ್ಪಿನ ಪೊಟ್ಟಣ ತೆಗೆದಳು.

"ತಡೀರಿ," ಎಂದಳು ಸುಹರಾ. "ಅದು ಬಟವಾಡೆಯ ಚೀಟಿ ಅಲ್ವಾ? ಹೊಗೆಸೊಪ್ಪು ನಿಮಗೆ ಇರಲಿ, ಕಾಗದ ನನಗೆ ಕೊಡಿ."

ಕಲೆಯಾದ ಚೀಟಿಯನ್ನು ಅವಳು ಮೊಣಕಾಲಿನ ಮೇಲೆ ಸವರಿ ನೇರ ಮಾಡಿ ಓದಿದಳು.

"ಮೂಲ ಕೂಲಿ ದಿನಕ್ಕೆ ಹದಿನಾಲ್ಕು ಆಣೆ. ಅದರ ಮುಂದೆ ಎಂಬತ್ತನಾಲ್ಕು ಪೈಸೆ ಎಂದು ಬರೆದಿದ್ದಾರೆ. ತುಟ್ಟಿಭತ್ಯೆ ದಿನಕ್ಕೆ ಹತ್ತಾಣೆ, ಅರವತ್ತು ಪೈಸೆ. ಒಟ್ಟು ದಿನಕ್ಕೆ ಒಂದು ರೂಪಾಯಿ ನಲವತ್ತನಾಲ್ಕು. ಆರು ದಿನಕ್ಕೆ ಎಂಟು ರೂಪಾಯಿ ಅರವತ್ತನಾಲ್ಕು. ಫಂಡಿಗೆ ಐವತ್ತನಾಲ್ಕು ಪೈಸೆ ಹಿಡಿದದ್ದು. ಕೈಗೆ ಎಂಟು ರೂಪಾಯಿ ಹತ್ತು ಪೈಸೆ."

"ಸರಿ ಉಂಟಲ್ಲ?"

ಸುಹರಾ ಒಮ್ಮೆ ಗೋಡೆಯ ಪಟ್ಟಿಯನ್ನು ನೋಡಿದಳು. ಒಮ್ಮೆ ಚೀಟಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ದೇಯಿಯಕ್ಕ, ಹದಿನಾಲ್ಕೂ ಹತ್ತೂ ಕೂಡಿದರೆ ಎಷ್ಟು ಆಣೆ?"

"ಇಪ್ಪತ್ತನಾಲ್ಕು."

"ಇಪ್ಪತ್ತನಾಲ್ಕು ಆಣೆ ಎಂದರೆ ಎಷ್ಟು ರೂಪಾಯಿ?"

"ಅದು ಗೊತ್ತಿಲ್ವಾ? ಒಂದೂವರೆ ರೂಪಾಯಿ."

"ಒಂದೂವರೆ ರೂಪಾಯಿ ಎಂದರೆ ನೂರೈವತ್ತು ಪೈಸೆ. ಚೀಟಿಯಲ್ಲಿ ಎಷ್ಟು ಉಂಟು? ನೂರ ನಲವತ್ತನಾಲ್ಕು. ದಿನಕ್ಕೆ ಆರು ಪೈಸೆ ಎಲ್ಲಿಗೆ ಹೋಯಿತು? ನಿಮ್ಮ ಗುಮಾಸ್ತರು ಆಣೆ ಆಣೆಯಾಗಿ ಮುರಿಸಿದ್ದಾರೆ. ಹದಿನಾಲ್ಕು ಆರಲೆ ಎಂಬತ್ತನಾಲ್ಕು, ಹತ್ತು ಆರಲೆ ಅರವತ್ತು. ಅಕ್ಕು ಹೊಗೆಸೊಪ್ಪಿಗೆ ಮಾಡುವ ಲೆಕ್ಕವನ್ನೇ ಕಾರ್ಖಾನೆ ನಿಮ್ಮ ಕೂಲಿಗೆ ಮಾಡ್ತಾ ಉಂಟು. ಅಕ್ಕು ಬೇಕೆಂದು ಮಾಡುವುದು, ಇವರು ತಿಳಿಯದೆ ಮಾಡಿರಬಹುದು. ಮೊದಲು ಕೂಡಿಸಬೇಕು, ಆಮೇಲೆ ಮುರಿಸಬೇಕು. ಅಷ್ಟೇ."

ದೇಯಿ ಚೀಟಿಯ ಮೇಲೆ ಬಗ್ಗಿದಳು. "ಹಾಗಾದರೆ ನನಗೆ ಎಷ್ಟು ಬರಬೇಕು?"

"ನಾನು ಹೇಳಬಹುದು. ಆದರೆ ಶನಿವಾರ ಕಿಟಕಿಯ ಮುಂದೆ ನಾನು ಇರುವುದಿಲ್ಲ. ನೀವೇ ಲೆಕ್ಕ ಮಾಡಿ. ಫಂಡಿನ ವಿಷಯ ನನಗೆ ಅರ್ಧವೇ ಗೊತ್ತು, ರೂಪಾಯಿಗೆ ಒಂದಾಣೆ ಎಂದು ಪೇಪರಿನಲ್ಲಿ ಓದಿದ ನೆನಪು. ಅದನ್ನು ಗುಮಾಸ್ತರ ಹತ್ತಿರವೇ ಕೇಳಿ. ಕೇಳಲಿಕ್ಕೆ ಹೆದರಬೇಡಿ. ನಿಮ್ಮ ದುಡಿಮೆ ಅಲ್ವಾ?"

ಆಗ ನಾಲ್ಕನೆಯ ಸಲ ಹೊಗೆಸೊಪ್ಪಿಗೆ ಬಂದ ಅಕ್ಕು ಪರದೆಯ ಆಚೆಯಿಂದಲೇ ಬಾಯಿ ಹಾಕಿದಳು. "ಬೀಡಿ ಎಂದದ್ದು ಯಾರು? ಮೂವತ್ತು ವರ್ಷ ಕಟ್ಟಿದವಳು ನಾನು. ನನ್ನ ಬೆನ್ನು ನೋಡು, ಕುಡುಗೋಲಿನ ಹಾಗೆ ಆಗಿದೆ. ಹತ್ತೂವರೆ ಅಂತೆ. ಸಾವಿರಕ್ಕೆ ಐವತ್ತು ಬೀಡಿ ಸರಿಯಿಲ್ಲ ಎಂದು ಬದಿಗೆ ಹಾಕ್ತಾರೆ, ಅದಕ್ಕೆ ಕೂಲಿ ಇಲ್ಲ. ನೂಲು ನಿನ್ನದು. ಎಲೆ ಸಾಲದೆ ಬಂದರೆ ನೀನೇ ಅಂಗಡಿಯಿಂದ ತರಬೇಕು. ವಾರದ ಕೊನೆಗೆ ಎಂಟೂಮುಕ್ಕಾಲು ಉಳಿದರೆ ನಿನ್ನ ಪುಣ್ಯ. ಅದೂ ಎರಡು ಜನರ ದುಡಿಮೆ."

"ಕೇಳಿದಿರಾ?" ಎಂದಳು ಸುಹರಾ. "ಎಷ್ಟು ಕೊಡ್ತಾರೆ ಎಂದು ಕೇಳಿದರೆ ಸಾಲದು. ಎಷ್ಟು ಹಿಡೀತಾರೆ, ಕೈಗೆ ಎಷ್ಟು ಬರ್ತದೆ, ಎಷ್ಟು ಜನರ ಕೈಗೆ ಬರ್ತದೆ ಎಂದೂ ಕೇಳಬೇಕು."

ದೇಯಿ ಉಪ್ಪನ್ನೂ ಮೆಣಸನ್ನೂ ಅಂಗಡಿಯಲ್ಲೇ ಬಿಟ್ಟು ಮನೆಗೆ ನಡೆದಳು. ಮನೆಯ ಮೆಟ್ಟಿಲಲ್ಲಿ ನೆನಪಾಗಿ ಹಿಂದೆ ಬಂದು ತೆಗೆದುಕೊಂಡು ಹೋದಳು.

ಪೂವಪ್ಪ ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದ.

"ಇವರೇ, ಒಂದು ಮಾತು. ಈ ಶನಿವಾರ ಮೊರಿಸ್ ಪೊರ್ಬುಗಳು ಹಣ ಎಣಿಸುವ ಮೊದಲೇ ನನ್ನ ಸಂಬಳ ಎಷ್ಟು ಎಂದು ನಾನು ಹೇಳ್ತೇನೆ. ಒಂದು ಪೈಸೆ ಆಚೆ ಈಚೆ ಇಲ್ಲ. ನಾನು ಹೇಳಿದಷ್ಟೇ ಅವರು ಕೊಟ್ಟರೆ ನಾನು ಕೆಲಸ ಬಿಡುವುದಿಲ್ಲ, ಬಾಗಿ ಶಾಲೆ ಬಿಡುವುದಿಲ್ಲ."

ಮೊರಿಸ್ ಎಂದರೆ ಕಾರ್ಖಾನೆಯ ಗುಮಾಸ್ತರು. ಕ್ರಿಸ್ತುವರಾದ್ದರಿಂದ ಎಲ್ಲರೂ ಅವರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಿದ್ದರು.

ಪೂವಪ್ಪನಿಗೆ ನಗು ಬಂತು. "ನೀನು ಹೇಳುವುದು, ಅವರು ಕೊಡುವುದಾ? ಕಾರ್ಖಾನೆ ನಿನ್ನ ತವರುಮನೆ ಎಂದು ತಿಳ್ಕೊಂಡೆಯಾ?"

"ಒಪ್ಪಿಗೆ ಉಂಟಾ, ಇಲ್ವಾ?"

"ಆಯ್ತು ಮಾರಾಯ್ತಿ. ನಾನೇ ಗೇಟಿನ ಹತ್ತಿರ ಬಂದು ನಿಲ್ತೇನೆ. ಕೊಟ್ಟರೆ ಬೀಡಿಯ ಸುದ್ದಿ ಎತ್ತುವುದಿಲ್ಲ. ಕೊಡದಿದ್ದರೆ ಸೋಮವಾರ ಎಲೆ ಬರ್ತದೆ."

ಆ ವಾರವಿಡೀ ದೇಯಿ ತಲೆಯ ಮೇಲೆ ಹಂಚು, ತಲೆಯ ಒಳಗೆ ಆಣೆ ಹೊತ್ತು ನಡೆದಳು. ಸಂಜೆಯಾದರೆ ಬಾಗಿ ತನ್ನ ಡಬ್ಬಿಯಿಂದ ಮಂಜೊಟ್ಟಿಯ ಕೆಂಪು ಕಾಳುಗಳನ್ನು ನೆಲಕ್ಕೆ ಸುರಿಯುತ್ತಿದ್ದಳು. ಒಂದು ಕಾಳು ಒಂದು ಆಣೆ. ದಿನಕ್ಕೆ ಇಪ್ಪತ್ತನಾಲ್ಕು ಕಾಳಿನ ಗುಡ್ಡೆ. ಆರು ದಿನಕ್ಕೆ ಆರು ಗುಡ್ಡೆ. ಎಲ್ಲವನ್ನೂ ಒಂದುಮಾಡಿ ಹದಿನಾರು ಹದಿನಾರಾಗಿ ಬೇರೆ ಇಡುವುದು. ಪ್ರತಿ ಹದಿನಾರಕ್ಕೂ ಒಂದು ರೂಪಾಯಿ.

ಮೊದಲ ದಿನ ಎಂಟು ರೂಪಾಯಿಯೂ ಮೇಲೆ ಹದಿನಾಲ್ಕು ಕಾಳೂ ಬಂತು. ಎರಡು ಕಾಳು ಚಾಪೆಯ ಅಡಿಗೆ ಉರುಳಿತ್ತು. ಎರಡನೆಯ ದಿನ ಬೆಕ್ಕು ಬಂದು ಎಲ್ಲವನ್ನೂ ಕೆದರಿತು. ಬುಧವಾರ ಸರಿಯಾಗಿ ಒಂಬತ್ತು ಗುಡ್ಡೆ ಬಂತು, ಒಂದು ಕಾಳೂ ಉಳಿಯಲಿಲ್ಲ.

"ಒಂಬತ್ತು ರೂಪಾಯಿ ಅಮ್ಮ," ಎಂದಳು ಬಾಗಿ.

ದೇಯಿ ಆ ಒಂಬತ್ತು ಕೆಂಪು ಗುಡ್ಡೆಗಳನ್ನು ಬಹಳ ಹೊತ್ತು ನೋಡಿದಳು. ವಾರಗಟ್ಟಲೆ ಹೊತ್ತ ಮಣ್ಣಿಗೆ ಒಂದು ಆಕಾರ ಬಂದಂತೆ ಕಂಡಿತು. ಇದು ನನ್ನ ದುಡಿಮೆ. ಹಿಡಿಯುವ ಮೊದಲಿನದ್ದು.

ಇನ್ನು ಹಿಡಿಯುವುದರ ಲೆಕ್ಕ. ಗುರುವಾರ ಚಹಾದ ಬಿಡುವಿನಲ್ಲಿ ಅವಳು ಆಫೀಸಿನ ಕಿಟಕಿಗೆ ಹೋದಳು. ಕೈಗೆ ಅಂಟಿದ ಮಣ್ಣನ್ನು ಸೀರೆಗೆ ಎರಡೆರಡು ಸಲ ಒರಸಿಕೊಂಡಳು. ಕೇಳಿದವರಿಗೆ ಕೆಲಸ ಇಲ್ಲ ಎಂದು ಯಾರೋ ಹಿಂದೆ ಹೇಳಿದ್ದು ಕಿವಿಯಲ್ಲಿ ಇತ್ತು.

"ಪೊರ್ಬುಗಳೇ, ಫಂಡ್ ಎಂದರೆ ಎಂತ?"

ಮೊರಿಸ್ ಕನ್ನಡಕದ ಮೇಲಿಂದ ನೋಡಿದರು. "ಒಂದೂವರೆ ವರ್ಷದಿಂದ ಹಿಡೀತಾ ಇದ್ದೇನೆ. ಬೈದವರು ನೂರು ಜನ. ಕೇಳಿದವಳು ನೀನು ಒಬ್ಬಳು." ಒಂದು ದಪ್ಪ ಪುಸ್ತಕ ತೆರೆದು ಕಿಟಕಿಯ ಕಡೆಗೆ ತಿರುಗಿಸಿದರು. "ನಿನ್ನ ನಂಬರು ಎಷ್ಟು?"

"ಅರವತ್ತೊಂದು."

"ಇಲ್ಲಿ ನೋಡು, ಅರವತ್ತೊಂದು. ನಿನ್ನ ಒಂದೊಂದು ರೂಪಾಯಿಯಿಂದ ಒಂದಾಣೆ ಇಲ್ಲಿಗೆ ಬರ್ತದೆ. ಕಾರ್ಖಾನೆ ತನ್ನ ಕೈಯಿಂದ ಇನ್ನೊಂದಾಣೆ ಹಾಕ್ತದೆ. ಸರ್ಕಾರದ ಕಾಯಿದೆ ಅದು. ಎರಡೂ ಇರುವುದು ನಿನ್ನ ಹೆಸರಿನಲ್ಲಿ, ನಿನ್ನ ಮುಪ್ಪಿನ ಕಾಲಕ್ಕೆ. ಮುಟ್ಟಲಿಕ್ಕೆ ನನಗೂ ಅಧಿಕಾರ ಇಲ್ಲ, ಧಣಿಗಳಿಗೂ ಇಲ್ಲ."

"ಈಗ ಎಷ್ಟು ಆಗಿರಬಹುದು?"

"ನಿನ್ನದು ನಲವತ್ತೈದರ ಹತ್ತಿರ. ಕಾರ್ಖಾನೆಯದ್ದು ಅಷ್ಟೇ. ತೊಂಬತ್ತು ಎಂದು ಇಟ್ಟುಕೋ."

"ನಾನು ಈಗ ಕೆಲಸ ಬಿಟ್ಟರೆ?"

"ನಿನ್ನ ಪಾಲು ಸಿಗ್ತದೆ. ಕಾರ್ಖಾನೆಯ ಪಾಲು ಪೂರ್ತಿ ಸಿಗುವುದಿಲ್ಲ. ಕೆಲವು ವರ್ಷ ನಿಲ್ಲಬೇಕು." ಮೊರಿಸ್ ಪುಸ್ತಕ ಮುಚ್ಚಿದರು. "ಬಿಡ್ತೀಯಾ?"

"ಶನಿವಾರ ಹೇಳ್ತೇನೆ ಪೊರ್ಬುಗಳೇ."

ಸಂಜೆ ತೊಂಬತ್ತು ಎಂದು ಕೇಳಿದಾಗ ಪೂವಪ್ಪನ ಗಂಟಲಲ್ಲಿ ಗಂಜಿ ಸಿಕ್ಕಿಕೊಂಡಿತು. ಕೆಮ್ಮಿ, ನೀರು ಕುಡಿದು, ಸುಧಾರಿಸಿಕೊಂಡ ಮೇಲೆ ಮತ್ತೆ ಹಳೆಯ ಪೂವಪ್ಪನೇ ಆದ.

"ಕಾಗದದಲ್ಲಿ ತೊಂಬತ್ತು. ಕೈಯಲ್ಲಿ ಎಂಟು. ಮಾತು ಮಾತೇ. ಶನಿವಾರ ನೋಡುವ."

ದೇಯಿ ಒಂಬತ್ತು ರೂಪಾಯಿಗೆ ಒಂಬತ್ತು ಆಣೆ ಫಂಡ್ ಎಂದು ಬೆರಳು ಮಡಚಿದಳು. ಎಂಟಾಣೆಗೆ ಐವತ್ತು ಪೈಸೆ. ಉಳಿದ ಒಂದಾಣೆಗೆ ಆರು. ಐವತ್ತಾರು. ಒಂಬತ್ತು ರೂಪಾಯಿಯಿಂದ ಐವತ್ತಾರು ಪೈಸೆ ಹೋದರೆ ಎಷ್ಟು ಎಂದು ಬಾಗಿಯ ಸ್ಲೇಟಿನಲ್ಲಿ ಬರೆಸಿದಳು. ಅಳಿಸಿ ಮತ್ತೊಮ್ಮೆ ಬರೆಸಿದಳು. ಎರಡು ಸಲವೂ ಒಂದೇ ಉತ್ತರ.

ಶನಿವಾರ ಬಂತು. ಬಿಸಿಲು ಇಳಿಯುವ ಹೊತ್ತಿಗೆ ಕಿಟಕಿಯ ಮುಂದೆ ಸಾಲು ಬೆಳೆಯಿತು. ಪೂವಪ್ಪ ಹೇಳಿದ ಹಾಗೆ ಗೇಟಿನ ಕಂಬಕ್ಕೆ ಒರಗಿ ನಿಂತಿದ್ದ. ಬಾಗಿ ಅವನ ಪಕ್ಕದಲ್ಲಿ.

"ಅರವತ್ತೊಂದು."

ದೇಯಿ ಹೆಬ್ಬೆಟ್ಟನ್ನು ಶಾಯಿಗೆ ಒತ್ತಲಿಲ್ಲ. ಎರಡು ಕೈಯನ್ನೂ ಕಟ್ಟೆಯ ಮೇಲೆ ಇಟ್ಟಳು.

"ಪೊರ್ಬುಗಳೇ, ಎಣಿಸುವ ಮೊದಲು ಒಂದು ಮಾತು. ಈ ವಾರ ನನ್ನ ಕೈಗೆ ಎಂಟು ರೂಪಾಯಿ ನಲವತ್ತನಾಲ್ಕು ಪೈಸೆ ಬರಬೇಕು."

"ಚೀಟಿಯಲ್ಲಿ ಎಂಟು ಹತ್ತು ಉಂಟು."

"ಚೀಟಿಯಲ್ಲಿ ತಪ್ಪು ಉಂಟು."

ಹಿಂದಿನಿಂದ ಗೊಣಗಾಟ ಎದ್ದಿತು. "ಬೇಗ ಬಿಡು ದೇಯಿ, ಮೀನಿನವಳು ಹೋಗಿಬಿಡ್ತಾಳೆ." "ಇವಳು ಯಾವಾಗ ಗುಮಾಸ್ತೆಯಾದಳು?"

ಮೊರಿಸ್ ಕೋಪಿಸಿಕೊಳ್ಳಲಿಲ್ಲ, ಆದರೆ ಕಿವಿ ಕೆಂಪಾಯಿತು. ಇಪ್ಪತ್ತೆರಡು ವರ್ಷದ ಸರ್ವಿಸು ಅವರದು. "ಏನು ತಪ್ಪು? ಆಣೆಗೆ ಆರು ಪೈಸೆ. ಹಂಪನಕಟ್ಟೆಯಲ್ಲಿ ಯಾವ ಅಂಗಡಿಗೆ ಬೇಕಾದರೂ ಹೋಗಿ ಕೇಳು."

"ಹದಿನಾರು ಆಣೆಗೆ ಎಷ್ಟು ಪೈಸೆ ಪೊರ್ಬುಗಳೇ?"

"ನೂರು. ಅದು ಒಂದು ರೂಪಾಯಿ ಅಲ್ವಾ?"

"ಆಣೆಗೆ ಆರರ ಹಾಗೆ ಹದಿನಾರು ಸಲ ಎಣಿಸಿ ನೋಡಿ."

ಮೊರಿಸ್ ಬಾಯಲ್ಲೇ ಗುಣಿಸಿದರು. ತುಟಿ ನಿಂತಿತು. ಪೆನ್ಸಿಲು ತೆಗೆದು ಕಾಗದದ ಮೇಲೆ ಗುಣಿಸಿದರು.

"ತೊಂಬತ್ತಾರು," ಎಂದರು.

"ಉಳಿದ ನಾಲ್ಕು ಪೈಸೆ ಎಲ್ಲಿ?"

ಸಾಲಿನಲ್ಲಿ ಗೊಣಗಾಟ ನಿಂತುಹೋಯಿತು. ಮೀನಿನವಳು ಯಾರಿಗೂ ನೆನಪಾಗಲಿಲ್ಲ.

ದೇಯಿ ನಿಧಾನವಾಗಿ ಹೇಳಿದಳು. ಎಲ್ಲರಿಗೂ ಕೇಳುವ ಹಾಗೆ, ಆದರೆ ಜಗಳದ ಸ್ವರ ಇಲ್ಲದೆ. "ಹದಿನಾಲ್ಕೂ ಹತ್ತೂ ಕೂಡಿದರೆ ದಿನಕ್ಕೆ ಇಪ್ಪತ್ತನಾಲ್ಕು ಆಣೆ, ಒಂದೂವರೆ ರೂಪಾಯಿ. ಆರು ದಿನಕ್ಕೆ ಒಂಬತ್ತು ರೂಪಾಯಿ. ನೀವು ಕೂಡಿಸುವ ಮೊದಲೇ ಮುರಿಸಿದಿರಿ, ಅದಕ್ಕೆ ಎಂಟು ಅರವತ್ತನಾಲ್ಕು ಬಂತು. ಇನ್ನೊಂದು ತಪ್ಪೂ ಉಂಟು. ಫಂಡಿಗೆ ಐವತ್ತನಾಲ್ಕು ಹಿಡಿದಿದ್ದೀರಿ. ಒಂಬತ್ತು ಆಣೆಗೆ ಐವತ್ತಾರು ಹಿಡಿಯಬೇಕು. ಅಲ್ಲಿ ಎರಡು ಪೈಸೆ ನನ್ನಿಂದ ಕಡಿಮೆ ಹಿಡಿದದ್ದು. ಅದನ್ನೂ ಸರಿ ಮಾಡಿ."

ಮೊರಿಸ್ ತಲೆ ಎತ್ತಿದರು. ಇಪ್ಪತ್ತೆರಡು ವರ್ಷದಲ್ಲಿ ಕಡಿಮೆ ಕೊಟ್ಟಿರಿ ಎಂದವರು ಬಹಳ ಜನ ಆ ಕಿಟಕಿಗೆ ಬಂದಿದ್ದರು. ನನ್ನಿಂದ ಕಡಿಮೆ ಹಿಡಿದಿರಿ ಎಂದವರು ಯಾರೂ ಬಂದಿರಲಿಲ್ಲ. ಅವರು ಕನ್ನಡಕ ತೆಗೆದು ಒರಸಿ, ಕುರ್ಚಿ ಸರಿಸಿ, ಪುಸ್ತಕದೊಂದಿಗೆ ಒಳಗಿನ ಕೋಣೆಗೆ ಹೋದರು. ಒಳಗೆ ಮ್ಯಾನೇಜರು ಇದ್ದರು.

ಗೇಟಿನ ಹತ್ತಿರ ಪೂವಪ್ಪ ಬಾಗಿಗೆ ಹೇಳುತ್ತಿದ್ದ: "ಹೋಯ್ತು. ನಿನ್ನ ಅಮ್ಮನ ಕೆಲಸ ಈಗಲೇ ಹೋಯ್ತು." ಅವನ ಸ್ವರದಲ್ಲಿ ಈಗ ಗೆದ್ದ ಸಂತೋಷ ಇರಲಿಲ್ಲ. ಸಾಲಿನ ಮುಂದೆ ಒಬ್ಬಳೇ ನಿಂತಿದ್ದ ಹೆಂಡತಿಯ ಬೆನ್ನನ್ನು ನೋಡಿ ಅವನು ಕಂಬ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದ.

ಮ್ಯಾನೇಜರು ಹೊರಗೆ ಬಂದರು. ಅವರ ಹಿಂದೆ ಮೊರಿಸ್.

"ಲೆಕ್ಕ ಹೇಳಿಕೊಟ್ಟದ್ದು ಯಾರು?" ಎಂದು ಮ್ಯಾನೇಜರು ಕೇಳಿದರು.

"ದಾರಿ ತೋರಿಸಿದ್ದು ನೆರೆಮನೆಯ ಹುಡುಗಿ. ಎಣಿಸಿದ್ದು ನಾನು ಮತ್ತು ನನ್ನ ಮಗಳು."

"ಪುಸ್ತಕ ಹೊಸ ಪೈಸೆಗೆ ಬದಲಾಗಿ ಎಷ್ಟು ವಾರವಾಯಿತು ಮೊರಿಸ್?"

"ಈ ವಾರ ಬಿಟ್ಟು ಹತ್ತು ವಾರ ಸಾರ್," ಎಂದರು ಮೊರಿಸ್. ಆಮೇಲೆ ಯಾರೂ ಕೇಳದಿದ್ದರೂ ಹೇಳಿದರು: "ತಪ್ಪು ನನ್ನದು. ಬೇಕೆಂದು ಮಾಡಿದ್ದಲ್ಲ. ಎಲ್ಲರೂ ಆರು ಎಂದರು, ನಾನೂ ಆರು ಎಂದೆ."

ಮ್ಯಾನೇಜರು ಸಾಲಿನ ಕಡೆಗೆ ತಿರುಗಿದರು. "ಇವತ್ತಿನ ಬಟವಾಡೆ ಒಂದು ಗಂಟೆ ತಡ ಆಗ್ತದೆ. ಆಗಲೇ ಹಣ ತಗೊಂಡವರದ್ದೂ ಸೇರಿ ಎಲ್ಲರ ಲೆಕ್ಕವನ್ನೂ ಹೊಸದಾಗಿ ಮಾಡ್ತೇವೆ. ಹತ್ತು ವಾರದ ಬಾಕಿ ಮುಂದಿನ ಶನಿವಾರ ಸಂಬಳದ ಜೊತೆ."

ನೂರ ಎಂಬತ್ತು ಜನರ ಸಾಲು ಅದು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬಳು ಇನ್ನೊಬ್ಬಳಿಗೆ ಹೇಳಿ, ಅವಳು ಮತ್ತೊಬ್ಬಳಿಗೆ ಹೇಳಿ, ಮಾತು ಹಂಚು ಸುಡುವ ಗೂಡಿನ ಬೆಂಕಿಯ ಹಾಗೆ ಹಿಂದಕ್ಕೆ ಹರಡಿತು. ದೇಯಿಯಂತೆ ಆರು ದಿನ ಬಂದವಳಿಗೆ ಹತ್ತು ವಾರಕ್ಕೆ ಮೂರು ರೂಪಾಯಿ ನಲವತ್ತು ಪೈಸೆ. ಒಂದು ಗಂಟೆ ನಿಲ್ಲಬೇಕಲ್ಲ ಎಂದು ಯಾರೂ ಗೊಣಗಲಿಲ್ಲ. ಗುಮಾಸ್ತೆ ಎಂದು ಹಂಗಿಸಿದವಳೇ ದೇಯಿಗೆ ಕೂರಲು ಒಂದು ಮಣ್ಣಿನ ಬುಟ್ಟಿ ಕವುಚಿ ಹಾಕಿದಳು.

"ಕೂತ್ಕೋ ಮಾರಾಯ್ತಿ. ನನ್ನ ಲೆಕ್ಕವನ್ನೂ ಒಮ್ಮೆ ನೋಡಿ ಕೊಡು. ನನಗೆ ಈ ವಾರ ಐದೇ ದಿನ."

"ನಿನ್ನ ಆಣೆಯನ್ನು ಮೊದಲು ಕೂಡಿಸು," ಎಂದಳು ದೇಯಿ. "ನಾನು ಪಕ್ಕದಲ್ಲಿ ಕೂತಿರ್ತೇನೆ."

ಪೂವಪ್ಪ ಹತ್ತಿರ ಬಂದು ನಿಂತ. ಎಲ್ಲಿ ನೋಡಬೇಕೆಂದು ತಿಳಿಯದೆ ಹೊಳೆಯ ಕಡೆಗೆ ನೋಡಿದ.

"ಒಂದು ಕೇಳಬೇಕಿತ್ತು," ಎಂದ. "ಬಂದರಿನ ಧಕ್ಕೆಯಲ್ಲಿ ನಮ್ಮ ಮೇಸ್ತ್ರಿ ಹತ್ತು ಮೂಟೆಗೆ ಒಂದು ಮೂಟೆಯ ಕೂಲಿ ಹಿಡೀತಾನೆ. ಯಾತಕ್ಕೆ ಹಿಡಿಯುವುದು ಅದು?"

"ನನಗೆ ಹೇಗೆ ಗೊತ್ತು? ಅವನನ್ನೇ ಕೇಳಬೇಕು."

"ಕೇಳುವುದಾ?"

"ಕೇಳಬಾರದಾ? ನಿಮ್ಮ ಬೆನ್ನು ಅಲ್ವಾ?"

ಪೂವಪ್ಪ ಬಾಗಿಯ ಕಡೆಗೆ ತಿರುಗಿ, "ಸೋಮವಾರ ಶಾಲೆ ಎಷ್ಟು ಗಂಟೆಗೆ?" ಎಂದು ಕೇಳಿದ.

"ಒಂಬತ್ತೂವರೆಗೆ ಅಪ್ಪ."

"ಆ ಏಜೆಂಟನಿಗೆ ನಾನು ನಾಳೆ ಬೆಳಿಗ್ಗೆಯೇ ಹೋಗಿ ಹೇಳಿ ಬರ್ತೇನೆ. ಎಲೆ ಬೇಡ ಎಂದು."

ಒಂದು ಗಂಟೆ ಕಳೆದ ಮೇಲೆ ಕಿಟಕಿಯಿಂದ ಮೊರಿಸ್ ಅವರ ಸ್ವರ ಬಂತು. ಒಂದನೆಯ ನಂಬರಿನಿಂದ ಮತ್ತೆ ಶುರುವಾಗಬೇಕಿದ್ದ ಬಟವಾಡೆ ಅಂದು ಬೇರೆ ನಂಬರಿನಿಂದ ಶುರುವಾಯಿತು.

"ಅರವತ್ತೊಂದು. ಎಷ್ಟು ಬರಬೇಕು, ನೀನೇ ಹೇಳು."

"ಎಂಟು ರೂಪಾಯಿ ನಲವತ್ತನಾಲ್ಕು ಪೈಸೆ ಪೊರ್ಬುಗಳೇ."

ಐದರ ಒಂದು ನೋಟು. ಒಂದರ ಮೂರು ನೋಟು. ಒಂದು ಹಳೆಯ ಪಾವಲಿ, ಹತ್ತರ ಒಂದು ಬಿಲ್ಲೆ, ಐದರ ಒಂದು, ಎರಡರ ಎರಡು. ಮೊರಿಸ್ ಒಂದೊಂದಾಗಿ ಕಟ್ಟೆಯ ಮೇಲೆ ಇಟ್ಟರು. ದೇಯಿ ಒಂದೊಂದಾಗಿ ಎಣಿಸಿದಳು. ಪೂವಪ್ಪನೂ ತುಟಿ ಆಡಿಸುತ್ತ ಎಣಿಸಿದ. ಒಂದು ಪೈಸೆ ಆಚೆ ಇಲ್ಲ, ಒಂದು ಪೈಸೆ ಈಚೆ ಇಲ್ಲ. ದೇಯಿ ಹೆಬ್ಬೆಟ್ಟು ಒತ್ತಿದಳು.

ಈ ಕಥೆಯನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಹಂಚು ಹೊರುವವರಿರಬಹುದು, ಗೇರುಬೀಜ ಸುಲಿಯುವವರಿರಬಹುದು, ನೂಲು ಸುತ್ತುವವರಿರಬಹುದು. ದುಡಿದದ್ದು ಎಷ್ಟು, ಅದರಲ್ಲಿ ಹಿಡಿದದ್ದು ಎಷ್ಟು, ಯಾತಕ್ಕೆ ಹಿಡಿದರು, ಕೊನೆಗೆ ಕೈಗೆ ಬರಬೇಕಾದ್ದು ಎಷ್ಟು, ಇಷ್ಟನ್ನು ಬಟವಾಡೆಯ ಮೊದಲೇ ಎಣಿಸಿ ಇಟ್ಟುಕೊಳ್ಳಿ. ಹಿಡಿದದ್ದೆಲ್ಲ ಮೋಸವಲ್ಲ, ಕೊಟ್ಟದ್ದೆಲ್ಲ ಸರಿಯೂ ಅಲ್ಲ. ಆಣೆಯಲ್ಲಿ ಕೂಲಿ ಇದ್ದರೆ ಮೊದಲು ಕೂಡಿಸಿ, ಆಮೇಲೆ ಪೈಸೆ ಮಾಡಿ. ಓದಲು ಬಾರದಿದ್ದರೆ ಓದುವವರ ಹತ್ತಿರ ಓದಿಸಿ. ಬರುವ ಶನಿವಾರ ಕಿಟಕಿಯ ಮುಂದೆ ನಿಂತಾಗ ನಿಮ್ಮ ಸಂಬಳವನ್ನು ನೀವೇ ಮೊದಲು ಹೇಳಿ.